ಹಳದಿ ಗರಿಯ ಜಾಮೀನು

ಸಾಲಾರನ ಚಾಬೂಕಿನ ಮೊದಲ ಏಟು ಬೆನ್ನಿಗೆ ಬಿದ್ದಾಗ ಹಾವಗೆಪ್ಪನ ಬೊಗಸೆಯಲ್ಲಿ ನವಣೆಯಿತ್ತು. ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಹಕ್ಕಿಮನೆಯ ಮೂಲೆಯಿಂದ ಹಳದಿ ಮರಿಗಳು ಆ ಕಾಳಿಗೆ ಓಡಿ ಬಂದವು. ಹಾರಿ ಬರಲಿಲ್ಲ, ಇಲಿಗಳ ಹಾಗೆ ಗೋಡೆ ಹಿಡಿದು ಓಡಿ ಬಂದವು. ಆ ಓಟವೇ ಅವನ ಅಪರಾಧವಾಗಿತ್ತು.

“ಸರಕಾರದ ರಂಗ್ ಬೋಳಿಸಿದೇನೋ, ಹರಾಮಖೋರ?” ಎನ್ನುತ್ತ ಸಾಲಾರ ಎರಡನೆಯ ಏಟು ಕೊಟ್ಟ.

“ಇಲ್ರಿ ಹುಜೂರ, ನಾ ಕಿತ್ತಿಲ್ರಿ. ಇದು ಬ್ಯಾನಿ ಅದರಿ. ಗರಿ ಮೂಡ್ತದ, ಅರ್ಧಕ್ಕ ಮುರದು ಬೀಳ್ತದ.”

“ಹಳದಿಗೇ ಬಂತೇನು ಬ್ಯಾನಿ? ಹಸರ ಗಿಣಿ ಹ್ಯಾಂಗ ಹಾರ್ಲತ್ತಾವ?”

ಇದಕ್ಕೆ ಹಾವಗೆಪ್ಪನ ಬಳಿ ಉತ್ತರವಿತ್ತು. ಚಾಬೂಕು ಅದನ್ನು ಹೇಳಲು ಬಿಡಲಿಲ್ಲ.

ಬೀದರಿನ ಕೋಟೆ ದಾರಿಯ ಆ ಹವೇಲಿ ಶಾಕಿರಾ ಬೇಗಂ ಎಂಬ ವಿಧವೆಯದು. ಗಂಡ ಬದುಕಿದ್ದಾಗ ಹೈದರಾಬಾದಿನಿಂದ ಪುಟ್ಟ ವಿಲಾಯತಿ ಗಿಣಿಗಳನ್ನು ತರಿಸಿದ್ದರು. ಗುಬ್ಬಿಗಿಂತ ತುಸು ದೊಡ್ಡವು; ಹಸಿರು ಮೈ, ಹಳದಿ ಮುಖ, ರೆಕ್ಕೆಯ ಮೇಲೆ ಕಪ್ಪು ಗೀರು. ಅವನ್ನು ಸಾಕಲು ಭಾಲ್ಕಿಯಿಂದ ಬಂದ ಹಾವಗೆಪ್ಪ ಅಲ್ಲಿಯೇ ನಿಂತುಬಿಟ್ಟಿದ್ದ. ಲಿಂಗಪೂಜೆಯಾಗದೆ ನೀರು ಮುಟ್ಟದ ಮನುಷ್ಯ. ಮಾತು ಕಡಿಮೆ. ಉದುರಿದ ಗರಿಯನ್ನು ಎಸೆಯುತ್ತಿರಲಿಲ್ಲ. ಒಂದು ಬಿಳಿ ಬಟ್ಟೆಯಲ್ಲಿ ಒಂದೊಂದು ಹಕ್ಕಿಗೆ ಒಂದೊಂದು ಸಾಲು ಮಾಡಿ ಗರಿಗಳನ್ನು ಚುಚ್ಚಿಡುತ್ತಿದ್ದ. ಯಾವ ಗಂಡಿಗೆ ಯಾವ ಹೆಣ್ಣು ಎಂದು ಗೊತ್ತುಮಾಡುವ ಮೊದಲು ಆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಬಣ್ಣಕ್ಕೆ ಬಣ್ಣ ಹೋಲಿಸಿ ನೋಡುತ್ತಿದ್ದ. ಎರಡು ಹಸಿರು ಹಕ್ಕಿಗಳ ಗೂಡಿನ ಗಡಿಗೆಯಲ್ಲಿ ಒಮ್ಮೆ ಅಚ್ಚ ಹಳದಿಯ ಮರಿ ಹುಟ್ಟಿದಾಗ, ಆ ಹಳದಿ ತಾಯಿತಂದೆಯ ಮೈಯಲ್ಲಿ ಅಡಗಿಯೇ ಇತ್ತು ಎಂದು ಅವನು ತಿಳಿದುಕೊಂಡ. ಅಂಥ ಜೋಡಿಗಳನ್ನು ಹುಡುಕಿ ಕೂಡಿಸಿ ಇನ್ನಷ್ಟು ಹಳದಿ ಹಕ್ಕಿಗಳನ್ನು ಪಡೆದ.

ಬೇಗಮರ ತಮ್ಮ ರಜಾಕಾರರ ಸಾಲಾರನಾಗಿ, ಔರಾದಿನ ಸುತ್ತಲಿನ ತುಕಡಿಗೆ ಯಜಮಾನನಾದ ಮೇಲೆ ಅವನ ಕಣ್ಣು ಈ ಹಕ್ಕಿಗಳ ಮೇಲೆ ಬಿತ್ತು. ನಿಜಾಮರ ಬಾವುಟ ಹಳದಿ. ಹೈದರಾಬಾದಿನ ದೊಡ್ಡವರಿಗೆ ಹಳದಿ ಗಿಣಿಗಳನ್ನು ನಜರಾನಾ ಕೊಡಬೇಕೆಂದು ಅವನ ಹಂಬಲ. ಹಳದಿಗೆ ಹಳದಿಯನ್ನೇ ಕೂಡಿಸು, ಗಡಿಗೆ ಖಾಲಿ ಬಿಡಬೇಡ ಎಂದು ಹುಕುಂ ಮಾಡಿದ. ಒಡಹುಟ್ಟಿದವನ್ನು ಕೂಡಿಸಬಾರದು, ತಾಯಿಗೆ ಎರಡು ಸೂಲಿನ ನಡುವೆ ಬಿಡುವು ಬೇಕು ಎಂದು ಹಾವಗೆಪ್ಪ ಕೈಮುಗಿದ. “ಸರಕಾರದ ರಂಗಿಗೆ ದಣಿವು ಬರ್ತದೇನೋ?” ಎಂದು ಸಾಲಾರ ನಕ್ಕಿದ್ದ. ಒಂದರ ಮೇಲೊಂದು ಮೊಟ್ಟೆಯಿಟ್ಟು ಹಳದಿ ಹೆಣ್ಣುಗಳು ಸವೆದುಹೋದವು. ಮರಿಗಳು ಗಡಿಗೆಯಿಂದ ಹೊರಬೀಳುವ ಹೊತ್ತಿಗೆ ರೆಕ್ಕೆಯ ಉದ್ದ ಗರಿ, ಬಾಲದ ಗರಿ ಮುರಿದು ಬೀಳತೊಡಗಿದವು. ಬಿಡುವು ಸಿಕ್ಕ ಹಸಿರು ಹಕ್ಕಿಗಳು ಮಾತ್ರ ಚೆನ್ನಾಗಿದ್ದವು. ದೊಡ್ಡ ಹಳದಿ ಹಕ್ಕಿಗಳನ್ನು ಸಾಲಾರ ಮೊದಲೇ ಔರಾದಿಗೆ ಒಯ್ದು, ಬೇಸಿಗೆಯ ಬಿಸಿಲಿನಲ್ಲಿ ಪಂಜರ ತೂಗುಹಾಕಿಸಿ ಎಲ್ಲವನ್ನೂ ಕೊಂದಿದ್ದ. ಉಳಿದದ್ದು ಈ ಬೋಳು ಮರಿಗಳು.

ಸರಕಾರದ ಬಣ್ಣದ ಹಕ್ಕಿಯನ್ನು ಒಬ್ಬ ಹಿಂದೂ ಆಳು ಬೇಕೆಂದೇ ಬೋಳಿಸಿದ್ದಾನೆ. ಸಾಲಾರನಿಗೆ ಬೇರೆ ಅರ್ಥ ಹೊಳೆಯಲಿಲ್ಲ. ಹೊಡೆದು ದಣಿದ ಮೇಲೆ ಅವನು ಹೋದ. ಹಾವಗೆಪ್ಪ ಶಿಕ್ಷೆ ಮುಗಿಯಿತೆಂದುಕೊಂಡ.

ಮರುದಿನ ಭಾಲ್ಕಿಯಿಂದ ಅವನ ತಮ್ಮನ ಹೆಂಡತಿ ಸುಮಿತ್ರಾಬಾಯಿ ಓಡಿ ಬಂದಳು. ತಲೆಯ ಮೇಲೆ ಸೆರಗಿಲ್ಲ, ಹಣೆ ಒಡೆದಿತ್ತು.

“ಭಾವಾ, ರಜಾಕಾರರು ಅವರಿಗಿ ಔರಾದಿನ ಗೋದಾಮಿಗಿ ಹಿಡಕೊಂಡು ಹೋದರು. ಅಂಗಳದಾಗೇ ಕೆಡವಿ ಬಡದರು. ನಾ ಅಡ್ಡ ಬಂದರ ನನಗೂ ಬಂದೂಕಿನ ಹಿಡಿಲೆ ಹೊಡದರು.”

“ಯಾಕಂತ?”

“ನಿನ್ನ ಅಣ್ಣ ಗಿಣಿ ಬೋಳಿಸ್ಯಾನ, ನಿನ್ನ ನಾವು ಬೋಳಿಸ್ತೇವಿ ಅಂದರು. ಇದೇನು ಮಾತರಿ ಭಾವಾ? ನನಗ ತಿಳೀಲಿಲ್ಲ.”

ತಮ್ಮ ಮಲ್ಲಿಕಾರ್ಜುನಪ್ಪ ಸಿಟ್ಟಿನ ಆಳು. ಅಣ್ಣ ಹವೇಲಿಯ ಚಾಕರಿ ಮಾಡುವುದು ಅವನಿಗೆ ಸೇರುತ್ತಿರಲಿಲ್ಲ. ‘ಗಿಣಿ ಹೇಲು ಬಳಿಯಾಂವ’ ಎಂದು ಊರಲ್ಲಿ ಹಂಗಿಸುತ್ತಿದ್ದ. ಬೀದರಿಗೆ ಬಂದರೂ ಹವೇಲಿಯ ಕಡೆ ಕಾಲಿಟ್ಟವನಲ್ಲ. ಆದರೂ ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವನು ಹಾವಗೆಪ್ಪನೇ.

ಹಾವಗೆಪ್ಪ ಬೇಗಮರ ಪರದೆಯ ಮುಂದೆ ನೆಲಕ್ಕೆ ಬಿದ್ದ. ಅವರು ಸಾಲಾರನನ್ನು ಕರೆಸಿ ಬೇಡಿಕೊಂಡರು. ಸಾಲಾರ ಒಂದು ಮಾತಿಗೆ ಒಪ್ಪಿದ. ಹೈದರಾಬಾದಿನ ಆ ದೊಡ್ಡವರು ಮೆಹಮಾನರಾಗಿ ಔರಾದಿಗೆ ಬರುವುದರೊಳಗೆ ಅಚ್ಚ ಹಳದಿಯ ಎರಡು ಗಿಣಿಗಳು ಕೋಣೆಯಲ್ಲಿ ಹಾರಿ ತೋರಿಸಬೇಕು. ಹಾರಿದರೆ ಹಾವಗೆಪ್ಪ ತನ್ನ ತಮ್ಮನನ್ನು ಕರೆದುಕೊಂಡು ಹೋಗಬಹುದು.

“ಗರಿ ಮೂಡ್ಲಿಕ್ಕ ಟೈಮ್ ಬೇಕರಿ ಹುಜೂರ.”

“ಹೌದು, ನೆನಪಿರ್ಲಿ ಅಂತ ಇದು ತಂದೀನಿ,” ಎಂದು ಸಾಲಾರ ಕಿಸೆಯಿಂದ ಏನನ್ನೋ ತೆಗೆದು ಕಾಳಿನ ಬಟ್ಟಲಿಗೆ ಹಾಕಿದ. ಹಾವಗೆಪ್ಪ ಬಾಗಿ ನೋಡಿದ. ಮನುಷ್ಯನ ಉಗುರು, ಬುಡದಲ್ಲಿ ಮಾಂಸ ಅಂಟಿಕೊಂಡಿತ್ತು.

“ನಿನ್ನ ತಮ್ಮನ ಮೊದಲನೇ ಗರಿ. ಇನ್ನಾ ಭಾಳ ಅವ.”

ಹಾವಗೆಪ್ಪ ಆ ಬಟ್ಟಲನ್ನು ಎದೆಗೆ ಹಿಡಿದುಕೊಂಡು ಓಡಿದ್ದು ಖಾಜಾ ಮಿಯಾನ ಮನೆಗೆ. ಖಾಜಾ ಮಿಯಾ ಮುದುಕ. ಬೇಗಮರ ಮಾವ ಬೇಟೆಯಾಡುತ್ತಿದ್ದ ಕಾಲದಲ್ಲಿ ಅವರ ಬೇಟೆಹಕ್ಕಿಗಳಾದ ಡೇಗೆಗಳನ್ನು ಕೈಮೇಲೆ ಹೊತ್ತು ತಿರುಗಿದವನು. ಬೇಟೆ ನಿಂತುಹೋದ ಮೇಲೆ ಮಗಳು ಕುಬರಾಳೊಂದಿಗೆ ಓಣಿಯ ಕೊನೆಯ ಮನೆಯಲ್ಲಿ ಪಾರಿವಾಳ ಸಾಕಿಕೊಂಡಿದ್ದ. ಅವನು ಬಟ್ಟಲಿನಿಂದ ಉಗುರನ್ನು ಎತ್ತಿಕೊಂಡ. ಆಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟ.

“ಗರಿ ತಾನೇ ಮೂಡೋ ತನಕಾ ಕುಂತರ ನಿನ್ನ ತಮ್ಮಗ ಬೆರಳೂ ಉಳಿಯಂಗಿಲ್ಲ,” ಎಂದ. “ಕಸಿ ಕಟ್ಟೋಣು.”

“ಕಸಿ? ಮಾವಿನ ಗಿಡಕ್ಕ ಕಟ್ಟತಾರಲ್ಲ?”

“ಡೇಗಿ ಗರಿ ಮುರದರ ನಾವೇನು ಅಳಕೋತ ಕೂಡ್ತಿದ್ದೆವೇನು? ಮುರದ ದಂಟಿನೊಳಗ ಸೂಜಿ ಇಟ್ಟು ಬ್ಯಾರೇ ಗರಿ ಜೋಡಿಸ್ತಿದ್ದೆವು. ಅದು ಅಷ್ಟು ದೊಡ್ಡ ಹಕ್ಕಿ, ಇದು ನಿನ್ನ ಹೆಬ್ಬೆಟ್ಟಿನಷ್ಟು. ಅಷ್ಟೇ ಫರಕ್. ಹಳದಿ ಗರಿ ಎಲ್ಲಿಂದ ತರ್ತಿ, ಅದು ಹೇಳು.”

ಹಾವಗೆಪ್ಪ ತನ್ನ ಬಿಳಿ ಬಟ್ಟೆಯನ್ನು ತಂದು ಬಿಚ್ಚಿದ. ಸತ್ತುಹೋದ ಹಳದಿ ಹಕ್ಕಿಗಳ ಗರಿಗಳು ಸಾಲುಸಾಲಾಗಿ ಇದ್ದವು. ಖಾಜಾ ಮಿಯಾ ಬೆರಗಾಗಿ ನೋಡಿದ.

“ಅರೆ, ನೀ ಹುಚ್ಚ ಅಂತ ತಿಳದಿದ್ದೆ ಹಾವಗೆಪ್ಪಾ.”

“ಈಗ?”

“ಈಗೂ ಹುಚ್ಚನೇ. ಖರೆ ಭಾಳ ಉಪಯೋಗದ ಹುಚ್ಚ.”

ಸುಮಿತ್ರಾಬಾಯಿಯನ್ನು ಬೇಗಮರ ಜನಾನಾದಲ್ಲಿ ಬಿಟ್ಟು, ಬೋಳು ಮರಿಗಳನ್ನು ತಂದು ಖಾಜಾ ಮಿಯಾನ ಹಿತ್ತಲಿನ ಬೆಳಕಿನಲ್ಲಿ ಅವರು ಕೆಲಸಕ್ಕೆ ಕುಳಿತರು. ಕುಬರಾ ಮರಿಯನ್ನು ತೆಳು ಮಲ್ ಬಟ್ಟೆಯಲ್ಲಿ ಸುತ್ತಿ ಹಿಡಿದಳು. ಹಾವಗೆಪ್ಪ ರೆಕ್ಕೆ ಬಿಡಿಸಿ ಹಿಡಿದ. ಖಾಜಾ ಮಿಯಾ ಸೂಜಿಯ ಮೊನೆಯನ್ನು ತುಂಡರಿಸಿ, ಜಾಲಿಯ ಅಂಟಿನಲ್ಲಿ ಅದ್ದಿ, ಮುರಿದ ದಂಟಿಗೆ ತೂರಿಸಿದ. ಮೊದಲನೆಯ ಮರಿಯ ದಂಟಿನಲ್ಲಿ ಇನ್ನೂ ಹಸಿ ರಕ್ತವಿತ್ತು. ಸೂಜಿ ತಗುಲಿದ್ದೇ ತಡ, ನೆತ್ತರು ಚಿಮ್ಮಿತು. ಬೂದಿ ಒತ್ತಿದರೂ ನಿಲ್ಲಲಿಲ್ಲ. ಅಷ್ಟು ಸಣ್ಣ ಮೈಯಲ್ಲಿ ಎಷ್ಟು ನೆತ್ತರಿದ್ದೀತು? ಕುಬರಾಳ ಅಂಗೈಯಲ್ಲಿಯೇ ಅದು ತಣ್ಣಗಾಯಿತು. ಎರಡನೆಯದೂ ಹಾಗೆಯೇ ಸತ್ತಿತು. ಹಾವಗೆಪ್ಪನಿಗೆ ಔರಾದಿನ ಗೋದಾಮಿನಲ್ಲಿ ತಮ್ಮನ ಬೆರಳು ಹಿಡಿದು ಕುಳಿತವನು ತಾನೇ ಎನಿಸಿತು; ಎದ್ದು ಹೋಗಿ ಕೈಗಂಟಿದ ನೆತ್ತರು ತೊಳೆಯುತ್ತ ಅತ್ತ.

“ಚಾಚಾ, ಬರ್ರಿ,” ಎಂದು ಕುಬರಾ ಕುಳಿತಲ್ಲಿಂದಲೇ ಕೂಗಿದಳು. “ನಮ್ಮ ಅಬ್ಬಾ ಮೂರನೇದು ಹಿಡದಾರ. ನೀವ ಅತ್ತರ ರೆಕ್ಕಿ ಯಾರು ಹಿಡೀಬೇಕು? ನನಗೇನು ನಾಲ್ಕು ಕೈ ಅವೇನ್ರಿ?”

ದಂಟು ಒಣಗಿದ ಮರಿಗಳನ್ನೇ ಆರಿಸಿಕೊಂಡ ಮೇಲೆ ಕೈ ಹತ್ತಿತು. ಎರಡು ಮರಿಗಳಿಗೆ ಪೂರ್ತಿ ರೆಕ್ಕೆ, ಪೂರ್ತಿ ಬಾಲ ಆಯಿತು. ಅಂಟು ಒಣಗಿದ ಮೇಲೆ ಒಂದನ್ನು ಕೋಣೆಯೊಳಗೆ ಕೈಯಿಂದ ಬಿಟ್ಟರು. ಅದು ನೆಲಕ್ಕೆ ಬೀಳುವಂತಾಗಿ, ಎದ್ದು, ತೊಲೆಯ ಮೇಲೆ ಹೋಗಿ ಕುಳಿತಿತು. ಹುಟ್ಟಿದಾರಭ್ಯ ಹಾರದ ಹಕ್ಕಿ. ಕೆಳಗೆ ಇಳಿಯುವುದು ಹೇಗೆಂದು ಅದಕ್ಕೆ ತಿಳಿಯದೆ ಅಲ್ಲಿಯೇ ಕಿರುಚಿತು. ಖಾಜಾ ಮಿಯಾ ಮಗುವಿನಂತೆ ನಕ್ಕ.

ಬೇಗಮರು ತಮ್ಮ ಗಾಡಿ ಕೊಟ್ಟರು. ಒಬ್ಬನೇ ಹೋಗುತ್ತೇನೆಂದು ಹಾವಗೆಪ್ಪ ಹೊರಟರೆ ಖಾಜಾ ಮಿಯಾ ಮೊದಲೇ ಗಾಡಿ ಹತ್ತಿ ಕುಳಿತಿದ್ದ.

“ಗಾಡಿ ಕುಲುಕಿದರ ಕಸಿ ಬಿಚ್ಚತಾವ. ಸಾಲಾರನ ಮುಂದ ಬಿಚ್ಚಿದರ ಯಾರು ಕಟ್ಟಬೇಕು? ಮತ್ತ ಈ ದಾರ್‍ಯಾಗ ನನ್ನ ಟೋಪಿನೇ ನಿನ್ನ ಪರವಾನಗಿ.”

ಅದು ಖರೆಯಾಯಿತು. ಜನವಾಡದ ಬಳಿ ರಜಾಕಾರರು ಗಾಡಿ ತಡೆದು ಹಾವಗೆಪ್ಪನ ಕೊರಳಿಗೆ ಕತ್ತಿ ಇಟ್ಟಾಗ, ಖಾಜಾ ಮಿಯಾ ಅವರನ್ನು ಬಾಯಿತುಂಬ ಬೈದು, ಸಾಲಾರ ಸಾಹೇಬರ ಹಕ್ಕಿಗಳಿವು ಎಂದು ಪಂಜರ ತೋರಿಸಿದ. ದಾರಿ ಬಿಟ್ಟರು. ಮಾಂಜ್ರಾ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ತೆಪ್ಪಕ್ಕೆ ಕಾಯುತ್ತಿದ್ದಾಗ ಎರಡು ಹೆಣಗಳು ತೇಲಿ ಹೋದವು. ಯಾರ ಕಡೆಯವು ಎಂದು ಹೇಳಲು ಮುಖ ಉಳಿದಿರಲಿಲ್ಲ. ತೆಪ್ಪದವನು ಅವುಗಳತ್ತ ನೋಡಲೂ ಇಲ್ಲ.

ಹೊಳೆಯಾಚೆ ಗಾಳಿ ತಿರುಗಿತ್ತು. ಮೇಲೆ ವಿಮಾನಗಳು ಹಾರಿದವು. ಹಿಂದೂಸ್ತಾನದ ಫೌಜು ಒಳಗೆ ಬಂದಿದೆ, ನಿಜಾಮರ ಸೈನ್ಯ ಸೋಲುತ್ತಿದೆ ಎಂದು ಎದುರಾದವರು ಕೂಗಿ ಹೇಳಿದರು. ನಿನ್ನೆಯವರೆಗೆ ಕದ ಹಾಕಿಕೊಂಡಿದ್ದ ಜನ ಇವತ್ತು ಕೊಡಲಿ ಮಸೆಯುತ್ತಿದ್ದರು. ಒಂದು ಹಳ್ಳಿಯಲ್ಲಿ ಮಸೀದಿಯ ಮುಂದಿನ ಮನೆಗಳು ಉರಿಯುತ್ತಿದ್ದವು. ಒಂದು ಬಾವಿಯ ಸುತ್ತ ಹೆಂಗಸರ ಚಪ್ಪಲಿಗಳು ಬಿದ್ದಿದ್ದವು; ಬಾವಿಯಿಂದ ಸದ್ದೇ ಇರಲಿಲ್ಲ.

ಹಾವಗೆಪ್ಪ ಗಾಡಿ ನಿಲ್ಲಿಸಿದ. “ಮಿಯಾ, ನೀ ತಿರುಗಿ ಹೋಗು. ಇನ್ನ ನಿನ್ನ ಟೋಪಿ ನಡಿಯಂಗಿಲ್ಲ.”

“ಫೌಜು ಬಂದರ ಸಾಲಾರ ಓಡ್ತಾನ. ಓಡೂ ಮುಂಚೆ ಕೈದಿಗಳಿಗಿ ಸುಮ್ಮ ಬಿಟ್ಟು ಹೋಗ್ತಾನೇನು? ಈಗ ತಡಾ ಮಾಡಿದರ ಹೆಣಾನೇ ಸಿಗ್ತದ. ಹೊಡಿ ಗಾಡಿ.”

“ಹಂಗಾರ ನನ್ನ ರುಂಬಾಲ ತಲಿಗಿ ಸುತ್ತಿಕೋ.”

“ಎಪ್ಪತ್ತು ದಾಟಿದ ಮ್ಯಾಲ ವೇಷ ಹಾಕ್ಲಾ? ನಕ್ಕೋ ಮಿಯಾ, ಬ್ಯಾಡ.” ಹಾವಗೆಪ್ಪನನ್ನು ಮಿಯಾ ಎಂದು ಕರೆದದ್ದಕ್ಕೆ ಮುದುಕ ತಾನೇ ನಕ್ಕ.

ಔರಾದಿನ ಹೊರಗೆ ಒಂದು ಮೆಟ್ಟಿಲ ಬಾವಿ, ಅದರ ಮೇಲೊಂದು ಹುಣಸೆಮರ. ಹೊತ್ತು ನೆತ್ತಿಗೆ ಬಂದಿತ್ತು. ಆ ದಿನ ಪೂಜೆಯಾಗಿರಲಿಲ್ಲವಾದ್ದರಿಂದ ಹಾವಗೆಪ್ಪ ಹನಿ ನೀರೂ ಮುಟ್ಟಿರಲಿಲ್ಲ. ಗಾಡಿಯಿಂದ ಇಳಿದವನು ಗಾಲಿ ಹಿಡಿದು ನಿಂತ.

“ಹಿಂಗೇ ಹೋದರ ಸಾಲಾರನ ಮುಂದ ಬೀಳ್ತಿ,” ಎಂದ ಖಾಜಾ ಮಿಯಾ. “ಹೋಗು, ನಿನ್ನ ಪೂಜಾ ಮುಗಿಸು. ಅಷ್ಟರಾಗ ನಾ ಗಿಣಿಗಿ ತಯಾರ ಮಾಡ್ತೇನಿ. ಒಂದು ಕಸಿ ಅಲಗಾಡ್ಲತ್ತದ.”

ಹಾವಗೆಪ್ಪ ಮೆಟ್ಟಿಲಿಳಿದ. ಮಿಂದು, ವಿಭೂತಿ ಹಚ್ಚಿ, ಲಿಂಗವನ್ನು ಎಡದ ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟ. ಅವನು ಬೇಡಿದ್ದು ಒಂದೇ: ತಮ್ಮನನ್ನು ಜೀವಂತವಾಗಿ ಕೊಡು.

ಮೇಲೆ ಜನರ ಗದ್ದಲ ಕೇಳಿಸಿತು. ಗದ್ದಲ ಹತ್ತಿರ ಬಂತು. ಪೂಜೆಯ ನಡುವೆ ಏಳಬಾರದು, ದೃಷ್ಟಿ ಕದಲಿಸಬಾರದು ಎಂದು ಅವನ ತಂದೆ ಕಲಿಸಿದ್ದರು. ಜೀವಮಾನದಲ್ಲಿ ಒಮ್ಮೆಯೂ ಅವನು ಕದಲಿಸಿರಲಿಲ್ಲ. ಈ ದಿನವೇ ಕದಲಿಸಿದರೆ ಬೇಡಿದ್ದು ಸಿಗಲಾರದೆಂದು ಹೆದರಿದ. ಯಾರೋ ‘ಹಳದಿ ಗಿಣಿ’ ಎಂದು ಕೂಗಿದರು. ಮುದುಕನ ದನಿ ಏನೋ ಹೇಳಿತು. ಆಮೇಲೆ ಕಟ್ಟಿಗೆ ಒಡೆದಂಥ ಸದ್ದು, ಮತ್ತೆ ಅದೇ ಸದ್ದು. ಹಾವಗೆಪ್ಪನ ಕಣ್ಣಲ್ಲಿ ನೀರು ತುಂಬಿತು, ಆದರೂ ಅವನು ಏಳಲಿಲ್ಲ. ಲಿಂಗವನ್ನು ಕೊರಳಲ್ಲಿ ತೂಗುವ ಕರಡಿಗೆಯೊಳಗೆ ಸೇರಿಸಿದ ಮೇಲೆ ಮೆಟ್ಟಿಲು ಹತ್ತಿ ಓಡಿದ.

ಖಾಜಾ ಮಿಯಾ ಹುಣಸೆಯ ಬೇರಿಗೆ ಒರಗಿದ್ದ. ಹೆಗಲು ಎದೆಯವರೆಗೆ ಸೀಳಿತ್ತು. ಪಂಜರ ಜನರ ಕಾಲಡಿ ಸಿಕ್ಕು ಗಿಣಿಗಳ ಸಮೇತ ಚಪ್ಪಟೆಯಾಗಿತ್ತು. ಕೊಡಲಿ ಹಿಡಿದು ನಿಂತವನ ಗಡ್ಡ ಬೆಳೆದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು, ಕೊಡಲಿಯ ಕಾವು ಹಿಡಿದ ಬೆರಳುಗಳಿಗೆ ಉಗುರೇ ಇರಲಿಲ್ಲ.

“ಇವನೂ ಸಾಲಾರನ ಕಡಿಯವನೇ, ಗಾಡಿ ನೋಡ್ರಿ,” ಎಂದು ಒಬ್ಬ ಹಾವಗೆಪ್ಪನ ಮೇಲೆ ಕೋಲೆತ್ತಿದ.

“ಮುಟ್ಟಬ್ಯಾಡ್ರಿ! ನಮ್ಮಣ್ಣ ಅವಾ!” ಎಂದು ಕೊಡಲಿಯವನು ಚೀರಿದ. ಮಲ್ಲಿಕಾರ್ಜುನಪ್ಪ. ಅವನು ಅಳುತ್ತ, ನಗುತ್ತ ಬಂದು ಅಣ್ಣನನ್ನು ತಬ್ಬಿಕೊಂಡ. ಸಾಲಾರ ಬೆಳಗಿಗೇ ಓಡಿಹೋದ; ಕೈದಿಗಳಿಗೆ ಗುಂಡು ಹೊಡೆಯಲು ನಿಲ್ಲಿಸಿದವರೂ ಓಡಿದರು; ಊರವರು ಗೋದಾಮಿನ ಕದ ಮುರಿದರು ಎಂದು ಒಂದೇ ಉಸಿರಿನಲ್ಲಿ ಹೇಳಿದ. “ಅಣ್ಣಾ, ಒಂದೊಂದು ಉಗುರು ಕೀಳುವಾಗ ‘ಹಳದಿ ಗರಿ, ಹಳದಿ ಗರಿ’ ಅಂತಿದ್ದರು. ಇಲ್ಲಿ ಈ ಮುದುಕ ಹಳದಿ ಗಿಣಿ ತೊಡಿಮ್ಯಾಲ ಇಟಗೊಂಡು ಕುಂತಿದ್ದ. ನನ್ನ ನೋಡಿ ನಕ್ಕಾ ಅಣ್ಣಾ! ಪಂಜರ ನನ್ನ ಕಡಿ ಚಾಚಿ, ‘ನಿನ್ನ ಸಲುವಾಗೇ ತಂದೇವಿ ಬೇಟಾ’ ಅಂದಾ. ಆವಾಗ ಹೊಡದೆ.”

ಹಾವಗೆಪ್ಪ ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಅಪ್ಪನದೇ ಮೂಗು, ಅಪ್ಪನದೇ ಗದ್ದ. ತನ್ನ ಮುಖವೂ ಅದೇ. ಹೋಲಿಕೆಯಿಂದಲೇ ಮುದುಕ ಗುರುತು ಹಿಡಿದಿದ್ದ.

“ನಿನ್ನ ಸಲುವಾಗೇ ತಂದಿದ್ದ,” ಎಂದ ಹಾವಗೆಪ್ಪ. “ಆ ಗರಿ ಕಟ್ಟಿದಾಂವ ಅವನೇ. ನಿನ್ನ ಬಿಡಸ್ಲಿಕ್ಕ. ತಿರುಗಿ ಹೋಗಂದರ ಹೋಗಲಿಲ್ಲ.”

ಮಲ್ಲಿಕಾರ್ಜುನಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ಕೊಡಲಿಯನ್ನು ಬಿಡಲಾಗದೆ ನಿಂತ. ನೆತ್ತರಿನಿಂದ ಅವನ ಹಸಿ ಬೆರಳುಗಳು ಕಾವಿಗೆ ಅಂಟಿಕೊಂಡಿದ್ದವು. ಹಾವಗೆಪ್ಪ ಒಂದೊಂದೇ ಬೆರಳು ಬಿಡಿಸಿದ. ಜನ ಸಾಲಾರನ ಮನೆ ಸುಲಿಯಲು ಊರಕಡೆ ತಿರುಗಿದರು.

ಮಳೆಗೆ ನೆಂದ ಕರಿಮಣ್ಣು ಮೆತ್ತಗಿತ್ತು. ಹಾವಗೆಪ್ಪ ಬಾವಿಯ ಬಳಿ ಬಿದ್ದಿದ್ದ ಗುದ್ದಲಿ ಹಿಡಿದರೆ ತಮ್ಮ ಕಸಿದುಕೊಂಡ.

“ನಾ ಹೊಡದೀನಿ, ನಾ ತೋಡ್ತೇನಿ.”

ಹಾವಗೆಪ್ಪ ಹೆಣದ ಬಳಿ ಕುಳಿತ. ಸತ್ತವರನ್ನು ಕೂರಿಸಿ ಮಣ್ಣು ಕೊಡುವ ಕುಲದವನು ಅವನು; ಮಲಗಿಸಿ ಕೊಡುವ ಕ್ರಮ ತಿಳಿಯದು. ಖಾಜಾ ಮಿಯಾ ನಮಾಜಿಗೆ ಪಡುವಣಕ್ಕೆ ತಿರುಗುತ್ತಿದ್ದದ್ದನ್ನು ನೆನೆದು ಮುಖವನ್ನು ಆ ಕಡೆಗೆ ಹೊರಳಿಸಿದ. ಯಾವ ಮಂತ್ರ ಹೇಳಬೇಕೋ ಗೊತ್ತಾಗದೆ, ಬಾಯಿಗೆ ಬಂದ ಶಿವನಾಮ ಹೇಳಲೂ ಮನಸ್ಸಾಗದೆ, ಸುಮ್ಮನೆ ಮಣ್ಣು ಹಾಕಿದ. ಪೂಜೆಯನ್ನು ಮುರಿದು ಓಡಿದ್ದರೆ ಒಂದು ಕೂಗಿಗೆ ಸಮಯ ಸಿಗುತ್ತಿತ್ತು. ಒಂದು ಕೂಗು ಸಾಕಾಗುತ್ತಿತ್ತು. ಇದನ್ನು ಅವನು ತಮ್ಮನಿಗೆ ಹೇಳಲಿಲ್ಲ.

“ಭಾಲ್ಕಿಗಿ ಹೋಗೋಣ ನಡಿ ಅಣ್ಣಾ,” ಎಂದ ಮಲ್ಲಿಕಾರ್ಜುನಪ್ಪ.

“ಇಲ್ಲ. ಬೀದರಕ. ಅವಗ ಮಗಳ ಇದ್ದಾಳ. ನೀನೇ ಹೇಳಬೇಕು.”

“ಅವರ ಮಂದಿ ನನ್ನ ಕಡದು ಹಾಕ್ತಾರ.”

“ಕಡಿಯೋ ಮಂದಿ ಆಕಿಗಿ ಯಾರೂ ಇಲ್ಲ.”

ಅವರು ಬಂದ ದಾರಿಯಲ್ಲೇ ಹಿಂದಿರುಗಿದರು. ಈಗ ಗಾಡಿ ತಡೆಯುವವರು ಹಾವಗೆಪ್ಪನ ಕೊರಳ ಕರಡಿಗೆ ಕಂಡು ಕೈಮುಗಿದು ಬಿಡುತ್ತಿದ್ದರು. ಒಬ್ಬರು ಮಲ್ಲಿಕಾರ್ಜುನಪ್ಪನ ಕೈ ಕಂಡು ಜಯಕಾರ ಹಾಕಿದರು. ಅವನು ಕೈಗಳನ್ನು ಧೋತರದಲ್ಲಿ ಮುಚ್ಚಿಕೊಂಡ.

ಬೀದರಿನ ಓಣಿಯಲ್ಲಿ ಕದಗಳೆಲ್ಲ ಮುಚ್ಚಿದ್ದವು. ಹಾವಗೆಪ್ಪ ಹೆಸರು ಹೇಳಿ ಕರೆದ ಮೇಲೆ ಕುಬರಾ ಅಗಳಿ ತೆಗೆದಳು. ಹಿಂದೆ ನಿಂತವನನ್ನು ಕಂಡು ಅವಳ ಮುಖ ಅರಳಿತು.

“ಸಿಕ್ಕರೇನ್ರಿ ಚಾಚಾ ನಿಮ್ಮ ತಮ್ಮ! ಮುಖ ನೋಡಿದರೇ ತಿಳೀತದ. ಗಿಣಿ ಹಾರಿದವೇನು?” ಆಮೇಲೆ ಅವಳ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. “ಯಾ ಅಲ್ಲಾ! ಒಳಗ ಬರ್ರಿ, ಅರಿಷಿಣ ನೀರ ಕಾಸ್ತೇನಿ. ಅಬ್ಬಾ ಹಿಂದ ಬರ್ಲತ್ತಾರಲ್ಲ? ಇಂಥಾ ಗಾಯಕ್ಕ ಅವರ ಕೈ ಭಾಳ ಛಲೋ ಅದರಿ.”

ಹಾವಗೆಪ್ಪ ಗೋಡೆಗೆ ಕೈಯಾನಿಸಿ ನಿಂತ. ಮಲ್ಲಿಕಾರ್ಜುನಪ್ಪ ಒಳಗೆ ಬರಲಿಲ್ಲ. ಹೊಸ್ತಿಲಿನ ಹೊರಗೆ ಮಣ್ಣಿನಲ್ಲಿ ಮೊಣಕಾಲೂರಿ, ಮುಚ್ಚಿಕೊಂಡಿದ್ದ ಕೈಗಳನ್ನು ಹೊರತೆಗೆದು ಅವಳ ಮುಂದೆ ಇಟ್ಟ.

“ನೀರ ಇಡಬ್ಯಾಡವ್ವಾ ತಂಗಿ,” ಎಂದ. “ಮೊದಲ ನಾ ಹೇಳೂದು ಕೇಳು.”